ಭರಮವ್ವನ ಬಲಗೈ

ಭರಮವ್ವನ ಬಲಗೈ ಎರಡು ಸಲ ಕೆಟ್ಟಿತು. ಮೊದಲ ಸಲ ಬೀಸುಕಲ್ಲಿನಿಂದ, ಎರಡನೆಯ ಸಲ ನನ್ನಿಂದ. ಬೀಸುಕಲ್ಲು ಅದನ್ನು ಕೆಡಿಸಲು ಐವತ್ತು ವರ್ಷ ತೆಗೆದುಕೊಂಡಿತ್ತು. ನನಗೆ ಅಷ್ಟು ಹೊತ್ತು ಬೇಕಾಗಲಿಲ್ಲ. ಗೋಕಾಕದಲ್ಲಿ ಒಂದು ಮಧ್ಯಾಹ್ನ ಬಾಯಿ ಮುಚ್ಚಿಕೊಂಡು ನಿಂತದ್ದೇ ಸಾಕಾಯಿತು.

ನನ್ನ ಹೆಸರು ಶಿವವ್ವ. ಊರವರು ಇವತ್ತಿಗೂ ಅಕ್ಕೋರು ಎನ್ನುತ್ತಾರೆ. ಹದಿಮೂರಕ್ಕೆ ಗಂಡ ತೀರಿಕೊಂಡ. ಅಪ್ಪ ನೆಂಟರ ಜೊತೆ ಜಗಳವಾಡಿ ನನ್ನನ್ನು ಧಾರವಾಡಕ್ಕೆ ಕಳಿಸಿ ಓದಿಸಿದ. ಗೋಕಾಕದಲ್ಲಿ ಹೆಣ್ಣುಮಕ್ಕಳ ಸಾಲೆಯಲ್ಲಿ ಮೂವತ್ತೊಂದು ವರ್ಷ ಬೆತ್ತ ಹಿಡಿದೆ. ನಿವೃತ್ತಳಾಗಿ ಮೂಡಲಗಿ ಬಳಿಯ ನಮ್ಮೂರಿಗೆ ಬಂದಾಗ ಬೆತ್ತವನ್ನು ಅಲ್ಲೇ ಬಿಟ್ಟು ಬಂದಿದ್ದೆ, ಅದನ್ನು ಹಿಡಿಯುವ ಚಟ ಮಾತ್ರ ನನ್ನ ಜೊತೆಗೇ ಬಂದಿತ್ತು.

ಸಾವಿರದ ಒಂಬೈನೂರ ಐವತ್ತೇಳರಲ್ಲಿ ಬ್ಲಾಕ್ ಆಫೀಸಿನವರು ಶ್ರಮದಾನ ಮಾಡಿಸಿ ಊರ ಮುಂದೆ ಒಂದು ಸಮಾಜ ಮಂದಿರ ಕಟ್ಟಿಸಿದರು. ಕಲ್ಲು ಹೊತ್ತವರು ನಾವು, ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡವರು ಅವರು. ಮೇಲೆ ತಗಡು, ಕೆಳಗೆ ಫರಸಿ ಕಲ್ಲಿನ ನೆಲ, ಮೂಲೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಯೊಳಗೆ ಒಂದು ರೇಡಿಯೋ. ಊರಿನ ತರುಣರು ಇಲ್ಲಿ ಕೂತು ರೇಡಿಯೋ ಕೇಳಿ ಸುಧಾರಿಸುತ್ತಾರೆ ಎಂದು ಸಾಹೇಬರ ಅಂದಾಜು. ತರುಣರಿಗೆ ಕಬ್ಬಿನ ಹೊಲದಿಂದ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಮಂದಿರಕ್ಕೆ ಬಂದವರು ಮುದುಕರು, ಅದೂ ಫರಸಿ ತಂಪಾಗಿದೆ ಎಂದು ಮಲಗಲು. ಗ್ರಾಮಸೇವಕ ಅದನ್ನೇ ಚಂದ ಮಾಡಿ ಮೇಲಕ್ಕೆ ಬರೆದ. ಮೇಲಿನಿಂದ ಉತ್ತರ ಬಂತು: ಇದನ್ನು ವೃದ್ಧರ ಚಟುವಟಿಕೆ ಕೇಂದ್ರವಾಗಿ ನಡೆಸತಕ್ಕದ್ದು. ಅರವತ್ತು ದಾಟಿದವರಿಗೆ ದಿನಕ್ಕೆ ಎರಡು ತಾಸು ವ್ಯಾಯಾಮ, ಅಕ್ಷರ, ಮನರಂಜನೆ. ತಿಂಗಳಿಗೊಂದು ವರದಿ. ಯಾರು ನಡೆಸುತ್ತೀರಿ ಎಂದು ಗ್ರಾಮಸೇವಕ ಕೇಳಿದಾಗ ಊರು ನನ್ನ ಕಡೆ ನೋಡಿತು. ನಾನು ಬೇಡ ಎನ್ನಲಿಲ್ಲ. ಬೇಡ ಎನ್ನುವಂಥ ಹೆಂಗಸು ನಾನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಗಂಡಸರ ಕಡೆಯಿಂದ ನನಗೆ ತೊಂದರೆ ಇರಲಿಲ್ಲ. ಗುರುಲಿಂಗಪ್ಪ ಹೊರಗಿನ ಕಟ್ಟೆಯ ಮೇಲೆ ಪಗಡೆ ಹಾಸು ಬಿಚ್ಚಿದನೆಂದರೆ ಏಳೆಂಟು ಜನ ಅದರ ಸುತ್ತ ಕೂತು ಸಂಜೆಯವರೆಗೆ ಕೂಗಾಡುತ್ತಿದ್ದರು. ಮನೆಯಲ್ಲೂ ಅವರು ಮಾಡುತ್ತಿದ್ದುದು ಅದನ್ನೇ. ಹೆಂಗಸರನ್ನು ಮನೆಯಿಂದ ಹೊರಡಿಸುವುದು ದೊಡ್ಡ ಕೆಲಸವಾಗಿತ್ತು. ಮುದುಕಿ ಕೂತಿದ್ದಾಳೆ ಎಂದರೆ ಕೆಲಸ ತಪ್ಪಿಸಿಕೊಂಡಿದ್ದಾಳೆ ಎಂದೇ ನಮ್ಮ ಕಡೆ ಲೆಕ್ಕ. ಮನೆಮನೆಗೆ ಹೋಗಿ ಸರಕಾರದ ಹುಕುಂ ಎಂದು ಹೆದರಿಸಿದೆ. ಹನ್ನೊಂದು ಜನ ಬಂದರು. ಯಾರಿಗೂ ವಯಸ್ಸು ಗೊತ್ತಿರಲಿಲ್ಲ. ಪ್ಲೇಗು ಬಂದಾಗ ತೊಟ್ಟಿಲಲ್ಲಿದ್ದೆ ಎಂದವಳಿಗೆ ಅರವತ್ತೊಂದು, ಆಗ ನಡೆಯುತ್ತಿದ್ದೆ ಎಂದವಳಿಗೆ ಅರವತ್ತಮೂರು ಎಂದು ನಾನೇ ಬರೆದುಕೊಂಡೆ.

ಭರಮವ್ವ ಪ್ಲೇಗಿನ ಕಾಲದಲ್ಲಿ ತೊಟ್ಟಿಲಲ್ಲಿದ್ದವಳು. ಕಾಲುವೆ ನೀರಿನ ಎಂಟೆಕರೆ, ಒಬ್ಬನೇ ಮಗ ದುಂಡಪ್ಪ, ಸೊಸೆ ಯಲ್ಲವ್ವ, ಮೂರು ಮೊಮ್ಮಕ್ಕಳು. ಮೊದಲ ದಿನ ಅವಳು ಮಂದಿರದ ಹೊಸ್ತಿಲು ದಾಟಿದಾಗ ಬಲಗೈಯನ್ನು ಎಡಗೈಯಲ್ಲಿ ಕೂಸಿನಂತೆ ಎತ್ತಿಕೊಂಡಿದ್ದಳು. ಆ ಕೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಸೆರಗು ಹೊದೆಯಲು ಆಗುತ್ತಿರಲಿಲ್ಲ, ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ಹನ್ನೊಂದನೆಯ ವಯಸ್ಸಿಗೆ ಗಂಡನ ಮನೆಗೆ ಬಂದು ಕಲ್ಲಿನ ಗೂಟ ಹಿಡಿದವಳು, ಆ ಮನೆಯ ಅತ್ತೆಗೆ, ಮೈದುನರಿಗೆ, ಆಳುಗಳಿಗೆ, ಮದುವೆಗೆ, ಸತ್ತವರ ದಿನಕ್ಕೆ, ದಿನಾಲೂ ಬೀಸಿದವಳು. ಊರಿಗೆ ಎಣ್ಣೆ ಇಂಜಿನ್ನಿನ ಗಿರಣಿ ಬಂದ ವರ್ಷವೇ ಆ ಕೈ ನಿಂತುಹೋಯಿತು.

ಗಿರಣಿ ಬಾರದೇ ಇದ್ದಿದ್ದರೆ ಸತ್ತ ಕೈಯಲ್ಲೇ ಬೀಸಿಸುತ್ತಿದ್ದರೋ ಏನೋ. ದುಂಡಪ್ಪ ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ನಾನು ಮುಖದ ಮೇಲೆ ಬೈದು ಹಗುರಾಗುತ್ತಿದ್ದೆ. ತಾಯಿಯೆಂದರೆ ಜೀವ ಬಿಡುತ್ತಿದ್ದ. ತಾಯಿ ಬೀಸಿದ ಹಿಟ್ಟಿನ ರೊಟ್ಟಿ ಎಂದರೆ ಇನ್ನೂ ಒಂದು ಕೈ ಹೆಚ್ಚು. ಗಿರಣಿ ಹಿಟ್ಟು ಸುಟ್ಟ ವಾಸನೆ ಹೊಡೆಯುತ್ತದೆ ಎಂದು ದಿನಾ ಮೂಗು ಮುರಿಯುತ್ತಿದ್ದ. ಹಾಗಾದರೆ ಹೆಂಡತಿ ಬೀಸಲಿ ಎನ್ನುವಂತಿರಲಿಲ್ಲ. ಯಲ್ಲವ್ವ ಬೆಳಗಾಗುವ ಮೊದಲು ಹೊಲಕ್ಕೆ ಹೋಗಿ ಕತ್ತಲಾದ ಮೇಲೆ ಬರುವವಳು. ಬೀಸುಕಲ್ಲನ್ನು ದನದ ಕೊಟ್ಟಿಗೆಯ ಹಿಂದೆ ಬೋರಲು ಹಾಕಿ ಇಟ್ಟಿದ್ದರು. ಅವ್ವನ ಕೈ ಬಂದರೆ ಎತ್ತಿಕೊಳ್ಳೋಣ ಎಂದು ಒಡೆಯದೆ ಇಟ್ಟಿದ್ದರು.

ಆ ಕೈಗೆ ನಾನು ಮಾಡಿದ ಔಷಧ ದೊಡ್ಡದೇನಲ್ಲ. ಗೋಕಾಕದಲ್ಲಿದ್ದಾಗ ಜಾರಿ ಬಿದ್ದು ನನ್ನ ಮೊಣಕೈ ಮುರಿದಿತ್ತು. ಆಗ ಒಬ್ಬ ಕಂಪೌಂಡರ ಹೇಳಿಕೊಟ್ಟ ಉಪಾಯ. ಭರಮವ್ವನನ್ನು ಮಂದಿರದ ಸುಣ್ಣದ ಗೋಡೆಗೆ ಎದುರಾಗಿ ನಿಲ್ಲಿಸಿದೆ. ಬೆರಳುಗಳನ್ನು ಗೋಡೆಯ ಮೇಲೆ ಇರುವೆ ಹತ್ತಿದ ಹಾಗೆ ಮೆಲ್ಲಗೆ ಹತ್ತಿಸು ಎಂದೆ. ಎಲ್ಲಿ ನೋವು ತಡೆಯಲಾಗದೋ ಅಲ್ಲಿ ಇದ್ದಿಲಿನಿಂದ ಒಂದು ಗೆರೆ. ಮೊದಲ ಗೆರೆ ಅವಳ ಎದೆಯ ಮಟ್ಟಕ್ಕೆ ಬಿತ್ತು. ಅವಳ ಕಣ್ಣಲ್ಲಿ ನೀರು ಬಂತು.

"ಸಾಕ್ರಿ ಅಕ್ಕೋರ, ಇದು ಮುರದ ಗಾಲಿ. ಇನ್ನ ಉರುಳೂದಿಲ್ಲ."

"ನಾಳೆ ಒಂದು ಬೆರಳು ಮೇಲ ಹೋಗು. ಹೋಗಲಿಲ್ಲಂದ್ರ ನಿನ್ನ ಹೊರಗ ನಿಲ್ಲಸ್ತೀನಿ."

ಮೂವತ್ತೊಂದು ವರ್ಷ ಹುಡುಗಿಯರಿಗೆ ಹೇಳಿದ ಮಾತೇ ಅದು. ಅವಳು ನಕ್ಕಳು. ಮಾರನೆಯ ದಿನ ಒಂದು ಬೆರಳು ಮೇಲೆ ಹೋದಳು. ವಾರಕ್ಕೊಂದು ಗೆರೆ. ಬರೀ ಗೆರೆ ಯಾಕೆ, ಅಕ್ಷರವನ್ನೇ ಬರೆ ಎಂದು ಕೈ ಹಿಡಿದು ಬರೆಸಿದೆ. ಭುಜದ ಮಟ್ಟಕ್ಕೆ ಬಂದಾಗ ಭ, ಗಲ್ಲದ ಮಟ್ಟಕ್ಕೆ ರ, ಹಣೆಯ ಮಟ್ಟಕ್ಕೆ ಮ. ಉಳಿದ ಹೆಂಗಸರು ಕೌದಿ ಹೊಲಿಯುತ್ತ, ಇವತ್ತು ಎಷ್ಟು ಹತ್ತಿದಳು ಎಂದು ನೋಡುತ್ತಿದ್ದರು. ಎಂಟು ತಿಂಗಳಿಗೆ ತಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ, ಹಿಮ್ಮಡಿ ಎತ್ತಿ ನಿಂತು, ಕೊನೆಯ ವ್ವ ಬರೆದಳು. ಸೊಟ್ಟಗಿತ್ತು. ಅಷ್ಟು ಚಂದದ ಒತ್ತಕ್ಷರವನ್ನು ನಾನು ನನ್ನ ಸಾಲೆಯಲ್ಲಿ ಯಾವತ್ತೂ ನೋಡಿರಲಿಲ್ಲ.

ಅವತ್ತು ಅವಳು ಮಂದಿರದಲ್ಲೇ ಕೂತು, ಎರಡು ವರ್ಷದ ಮೇಲೆ ಮೊದಲ ಸಲ, ತನ್ನ ತುರುಬನ್ನು ತಾನೇ ಕಟ್ಟಿಕೊಂಡಳು. ಕೌದಿ ಹೊಲಿಯುತ್ತಿದ್ದ ಯಮನವ್ವ ಎದ್ದು ಬಂದು ಕನ್ನಡಿ ಹಿಡಿದಳು. ಎಲ್ಲರೂ ಸುತ್ತ ನಿಂತು ನೋಡಿದೆವು. ನಾಲ್ಕು ಗಂಟೆಗೆ ಮನೆಗೆ ಹೊರಡುವಾಗ ಭರಮವ್ವ ಹೊಸ್ತಿಲ ಬಳಿ ನಿಂತು ಕಟ್ಟಿದ ತುರುಬನ್ನು ಬಿಚ್ಚಿ ಹಾಕಿದಳು.

"ಯಾಕ ಬಿಚ್ಚಿದಿ?" ಎಂದೆ.

"ಮನಿಯಾಗ ಗೊತ್ತಾದರ ಕಲ್ಲು ಮತ್ತ ಪಡಸಾಲಿಗಿ ಬರತೈತ್ರಿ. ಸೊಸೀನಽ ತುರುಬು ಕಟ್ಟಲಿ. ಬೈಕೊಂತರ ಕಟ್ಟಲಿ." ಅವಳು ಬಲಗೈಯನ್ನು ಮತ್ತೆ ಎಡಗೈಯಲ್ಲಿ ಎತ್ತಿಕೊಂಡಳು. "ಅಕ್ಕೋರ, ಈ ಎರಡು ತಾಸು ನನ್ನವು. ಹುಟ್ಟಿದಾಗಿಂದ ನನ್ನವು ಅನ್ನೂವಂಥಾವು ಇವಽ ಎರಡು ತಾಸು. ನೀವು ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

ಇಲ್ಲ ಎಂದು ಮಾತು ಕೊಟ್ಟೆ. ಆಮೇಲೆ ದಿನಾ ಅದೇ ಆಟ ನಡೆಯಿತು. ಎರಡು ಗಂಟೆಗೆ ಕುಂಟು ಕೈ ಹೊತ್ತು ಬರುವುದು, ಒಳಗೆ ಬಂದು ತುರುಬು ಕಟ್ಟುವುದು, ಕೈ ಎತ್ತಿ ಕವಾಯತು ಮಾಡುವುದು, ಕಾಲುವೆಯವರೆಗೆ ನಡೆದು ಬರುವುದು, ಹೋಗುವಾಗ ತುರುಬು ಬಿಚ್ಚುವುದು. ಹನ್ನೊಂದು ಹೆಂಗಸರಿಗೂ ಗೊತ್ತಿತ್ತು, ಒಬ್ಬಳೂ ಹೊರಗೆ ಹೇಳಲಿಲ್ಲ. ಹೆಂಗಸರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎನ್ನುವ ಗಂಡಸರನ್ನು ಆ ಒಂದು ವರ್ಷ ತಂದು ಅಲ್ಲಿ ಕೂರಿಸಬೇಕಿತ್ತು. ಗುಟ್ಟು ಕೆಟ್ಟದ್ದು ಓದಿದವಳಿಂದ.

ಅರವತ್ತರ ಜನವರಿಯಲ್ಲಿ ಬ್ಲಾಕಿನಿಂದ ಕಾಗದ ಬಂತು. ಗೋಕಾಕದಲ್ಲಿ ಆರೋಗ್ಯ ಮೇಳ. ಸುತ್ತಲಿನ ಎಲ್ಲ ಕೇಂದ್ರಗಳ ವೃದ್ಧರು ಬರಬೇಕು. ಗಂಡಸರಿಗೆ ನಡಿಗೆ, ಹೆಂಗಸರಿಗೆ ಬೀಸುವ ಸ್ಪರ್ಧೆ: ಒಂದು ಸೇರು ಜೋಳ, ಯಾರು ಮೊದಲು ನುಣ್ಣಗೆ ಬೀಸುತ್ತಾರೋ ಅವರ ಕೇಂದ್ರಕ್ಕೆ ಬಹುಮಾನದ ಢಾಲು. ಮುದುಕಿಯರಿಗೆ ಬೀಸುವ ಪಂದ್ಯ ಇಡಬೇಕೆಂದು ಹೊಳೆದ ಆ ಪುಣ್ಯಾತ್ಮ ತನ್ನ ತಾಯಿಯನ್ನು ಎಷ್ಟು ದಿನ ನೋಡಿರಲಿಲ್ಲವೋ ನನಗೆ ಗೊತ್ತಿಲ್ಲ. ಆದರೆ ಅವತ್ತು ನಾನು ಹಾಗೆ ಯೋಚಿಸಲಿಲ್ಲ. ಕಾಗದದ ಕೆಳಗೆ ಒಂದು ಸಾಲಿತ್ತು: ಹುಕ್ಕೇರಿ ಕಡೆಯ ಕೇಂದ್ರ ಇಡೀ ಭಾಗಕ್ಕೆ ಮಾದರಿಯಾಗಿದ್ದು ಇತರರು ಅದನ್ನು ಅನುಸರಿಸತಕ್ಕದ್ದು. ಅದನ್ನು ಓದಿ ನನಗೆ ಮೈ ಉರಿಯಿತು. ಆ ಕೇಂದ್ರ ನಡೆಸುತ್ತಿದ್ದವಳು ನನ್ನ ಕೈಕೆಳಗೆ ಕಲಿತ ಹುಡುಗಿ. ಮಗ್ಗಿ ಬರುತ್ತಿರಲಿಲ್ಲ ಅವಳಿಗೆ.

ಹನ್ನೊಂದರಲ್ಲಿ ಒಂದು ಸೇರು ಬೀಸುವ ತಾಕತ್ತಿದ್ದವಳು ಭರಮವ್ವ ಒಬ್ಬಳೇ. ಕೇಳಿದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು.

"ನಾ ಬರೂದಿಲ್ಲರಿ."

"ಬರೇ ಹೆಸರಿಗೆ. ನಾಲ್ಕು ಸುತ್ತು ತಿರುಗಿಸಿ ಕೈ ನೋಯ್ತೈತಿ ಅಂತ ಬಿಟ್ಟುಬಿಡು. ಯಾರೂ ಬರಲಿಲ್ಲ ಅಂದ್ರ ಕೇಂದ್ರ ಮುಚ್ಚತಾರ."

ಕೇಂದ್ರ ಮುಚ್ಚುತ್ತಾರೆ ಎಂದು ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಅದು ನಾನು ಹೇಳಿದ ಸುಳ್ಳು. ಎರಡು ತಾಸಿನ ಆಸೆಗೆ ಅವಳು ಒಪ್ಪಿಕೊಂಡಳು. ಮನೆಯವರಿಗೆ ತಿಳಿಯಬಾರದು ಎಂದಳು, ಆಗಲಿ ಎಂದೆ. ಮರುದಿನ ಮಂದಿರದ ಮುಂದಿನ ಹಲಗೆಯ ಮೇಲೆ ಸೀಮೆಸುಣ್ಣದಿಂದ ನಾನೇ ಬರೆದೆ: ಗೋಕಾಕದ ಆರೋಗ್ಯ ಮೇಳಕ್ಕೆ ಹೊರಟಿರುವವರು. ನಾಲ್ಕು ಹೆಸರು. ಅದನ್ನು ಬರೆಯುವಾಗ ನನಗೆ ಭರಮವ್ವನ ಮಾತು ನೆನಪಿರಲಿಲ್ಲ ಎಂದರೆ ನೀವು ನಂಬಬೇಡಿ. ನೆನಪಿತ್ತು. ಗೋಕಾಕಕ್ಕೆ ಹೊರಟ ಹೆಸರುಗಳನ್ನು ಊರು ಓದಲಿ ಎಂಬ ಆಸೆ ಅದಕ್ಕಿಂತ ದೊಡ್ಡದಿತ್ತು. ಊರಲ್ಲಿ ಓದು ಬರುವವರು ಹತ್ತು ಜನ. ಅಷ್ಟು ಸಾಕಾಗಿತ್ತು.

ಗೋಕಾಕದಲ್ಲಿ ದೊಡ್ಡ ಪೆಂಡಾಲು ಹಾಕಿದ್ದರು. ನಡುವೆ ಆರು ಬೀಸುಕಲ್ಲು, ಪಕ್ಕದಲ್ಲಿ ಅಳೆದಿಟ್ಟ ಜೋಳದ ಬುಟ್ಟಿ. ಕುರ್ಚಿಯ ಮೇಲೆ ಸಾಹೇಬರು, ಬೆಳಗಾವಿಯಿಂದ ಬಂದ ಒಬ್ಬ ದೊಡ್ಡ ಡಾಕ್ಟರು, ಕ್ಯಾಮರಾ ಹಿಡಿದವನೊಬ್ಬ. ಭರಮವ್ವನ ಬಾಜೂ ಕಲ್ಲಿಗೆ ಹುಕ್ಕೇರಿ ಕಡೆಯ ಗುಡ್ಡವ್ವ ಕೂತಳು. ಅಗಲ ಹೆಗಲಿನ, ಎಲೆ ಅಡಿಕೆ ಬಾಯಿಯ ಹೆಂಗಸು. ಸೀಟಿ ಊದಿದರು.

ಭರಮವ್ವ ಮಾತಿನಂತೆ ನಡೆದಳು. ಗೂಟವನ್ನು ಎಡಗೈಯಲ್ಲಿ ಹಿಡಿದು ನಾಲ್ಕು ಸುತ್ತು ತಿರುಗಿಸಿ, ಮುಖ ಕಿವುಚಿ, ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಏಳುವುದರಲ್ಲಿದ್ದಳು.

ಆಗ ಗುಡ್ಡವ್ವ ಹಾಡು ಎತ್ತಿದಳು. ಬೀಸುವಾಗ ಹಾಡು ತಾನಾಗಿ ಬರುತ್ತದೆ, ಅದರಲ್ಲಿ ವಿಶೇಷವಿಲ್ಲ. ಆದರೆ ನಮ್ಮ ಕಡೆ ಒಂದು ಕಟ್ಟು ಇದೆ. ಎದುರಿನ ಕಲ್ಲಿನವಳು ಹಾಡಿನಲ್ಲಿ ಕೆಣಕಿದರೆ ಹಾಡಿನಲ್ಲೇ ಉತ್ತರ ಕೊಡಬೇಕು. ಉತ್ತರ ಕೊಡುವವರೆಗೆ ಗೂಟದಿಂದ ಕೈ ತೆಗೆಯಬಾರದು. ಕೈ ತೆಗೆದರೆ ಕೆಣಕಿದ ಮಾತು ಖರೆ ಎಂದು ಒಪ್ಪಿದ ಹಾಗೆ, ಒಪ್ಪಿದ್ದು ಅವಳೊಬ್ಬಳಲ್ಲ, ಅವಳ ತವರು, ಗಂಡನ ಮನೆ, ಊರು ಎಲ್ಲ. ಅತ್ತೆಯಂದಿರ ಕಾಲದಿಂದ ಬಂದ ಕಟ್ಟು ಅದು. ಗುಡ್ಡವ್ವ ಎಲೆ ಉಗುಳಿ, ಕತ್ತು ಹೊರಳಿಸಿ ಹಾಡಿದಳು:

ಮೂಡಲಗಿ ಮುದುಕ್ಯಾರು ಮಾತೀಗಿ ಬಲು ಗಟ್ಟಿ
ಜ್ವಾಳದ ಬುಟ್ಟಿ ಕಂಡಾರ, ತಂಗೆವ್ವ,
ಸೊಂಟಾ ಹಿಡಕೊಂಡು ಕುಂತಾರ

ಪೆಂಡಾಲು ಗೊಳ್ಳೆಂದು ನಕ್ಕಿತು. ಭರಮವ್ವ ಅರ್ಧ ಎದ್ದವಳು ಹಾಗೇ ನಿಂತಳು. ಅವಳ ಕಿವಿ ಕೆಂಪಾದದ್ದು ನನಗೆ ದೂರದಿಂದ ಕಾಣಿಸಿತು. ಇನ್ನಾರಿಗೆ ಹೇಳಿದ್ದರೂ ಅದು ಬರೀ ತಮಾಷೆ. ಒಂದು ವರ್ಷದಿಂದ ಕೈ ಹಿಡಿದುಕೊಂಡು ನಟಿಸುತ್ತಿದ್ದವಳಿಗೆ ಅದು ಎದೆಗೆ ತಗುಲಿತು. ಅವಳು ಕೂತಳು. ಕಾಲು ಚಾಚಿ ಕಲ್ಲನ್ನು ಹತ್ತಿರ ಎಳೆದುಕೊಂಡಳು. ಎಡಗೈ ಬಿಟ್ಟು ಬಲಗೈಯಲ್ಲಿ ಗೂಟ ಹಿಡಿದಳು.

ಹುಕ್ಕೇರಿ ಅಕ್ಕಯ್ಯ ಸೊಕ್ಕೀಲಿ ನುಡಿಬ್ಯಾಡ
ಐವತ್ತು ವರುಷ ಬೀಸೇನ, ನಾ ಬೀಸಿದ
ಹಿಟ್ಟೀಲೆ ಊರು ಬೆಳದೈತಿ

ಉತ್ತರ ಕೊಟ್ಟಾಗಿತ್ತು. ಕೈ ತೆಗೆಯಬಹುದಿತ್ತು. ಆದರೆ ಗುಡ್ಡವ್ವ ಇನ್ನೊಂದು ಎತ್ತಿದಳು, ಭರಮವ್ವ ಅದಕ್ಕೂ ಕೊಟ್ಟಳು. ಮೂರನೆಯದು, ನಾಲ್ಕನೆಯದು. ಉಳಿದ ನಾಲ್ವರು ಕಲ್ಲು ನಿಲ್ಲಿಸಿ ಕೇಳತೊಡಗಿದರು. ಭರಮವ್ವನ ಬಲಗೈ ಭುಜದಿಂದ ಎದ್ದು ಪೂರ್ತಿ ಸುತ್ತು ಹೊಡೆಯುತ್ತಿತ್ತು, ನಾನು ಎಂಟು ತಿಂಗಳು ಗೋಡೆಯ ಮೇಲೆ ಬೆರಳು ಬೆರಳಾಗಿ ಹತ್ತಿಸಿದ ಕೈ. ಹಿಟ್ಟು ಸುತ್ತಲೂ ಬಿಳಿಯಾಗಿ ಸುರಿಯುತ್ತಿತ್ತು. ಅವಳ ಮುಖದಲ್ಲಿ ಒಂದು ಗೆಲುವಿತ್ತು. ನಾನೂ ಎದ್ದು ನಿಂತು, ಅರವತ್ತೆರಡು ವರ್ಷದ ಹೆಂಗಸು, ಎಲ್ಲರೆದುರು ಕೂಗಿದೆ: "ಹೊಡಿ ಭರಮವ್ವ, ಹೊಡಿ!"

ಬುಟ್ಟಿ ಮೊದಲು ಖಾಲಿಯಾದದ್ದು ಅವಳದು. ಸಾಹೇಬರು ಢಾಲು ತಂದು ಕೊಟ್ಟದ್ದು ನನ್ನ ಕೈಗೆ, ಕೇಂದ್ರದ ಹೆಸರಿಗೆ. ಬೆಳ್ಳಿಯ ಬಣ್ಣ, ನಡುವೆ ಸೂರ್ಯ. ಭರಮವ್ವನ ಕೊರಳಿಗೆ ಹೂವಿನ ಹಾರ ಬಿತ್ತು. ದೊಡ್ಡ ಡಾಕ್ಟರು ಎದ್ದು ಬಂದು ಅವಳ ಭುಜ ಒತ್ತಿ ನೋಡಿದರು, ಕೈ ಎತ್ತಿಸಿ ಇಳಿಸಿ ನೋಡಿದರು. ಮೈಸೂರು ಕಡೆಯವರು. ಮಾತು ಮೆತ್ತಗೆ.

"ಅಜ್ಜಿ, ಎಷ್ಟು ವರ್ಷದಿಂದ ಬೀಸ್ತಾ ಇದ್ದೀರಿ?"

"ಐವತ್ತು ವರ್ಷ ಆತ್ರಿ," ಎಂದಳು ಭರಮವ್ವ. ಹಾಡಿನ ಗುಂಗು ಇನ್ನೂ ಇಳಿದಿರಲಿಲ್ಲ.

ಡಾಕ್ಟರು ಮೈಕಿನ ಮುಂದೆ ನಿಂತರು. "ನೋಡಿ, ಅರವತ್ತು ದಾಟಿದ ಭುಜ ಇದು. ಮೂವತ್ತರ ಭುಜದ ಹಾಗಿದೆ. ಇದರ ಗುಟ್ಟೇನು? ಬೀಸುಕಲ್ಲು! ಗಿರಣಿ ಬಂತು ಅಂತ ನಮ್ಮ ಹೆಂಗಸರು ಕೈ ಕಟ್ಟಿ ಕೂತರು, ಕೀಲು ನೋವು ತಂದುಕೊಂಡರು. ಈ ತಾಯಿ ಕೂರಲಿಲ್ಲ. ಇವರ ಮನೆಯವರಿಗೆ ನನ್ನ ಕೋರಿಕೆ ಇಷ್ಟೇ. ಈ ರೂಢಿ ಬಿಡಿಸಬೇಡಿ. ಬೀಸುವವರೆಗೆ ಇವರಿಗೆ ಮುಪ್ಪಿಲ್ಲ."

ಚಪ್ಪಾಳೆ ಬಿತ್ತು. ಭರಮವ್ವನ ಮುಖದಿಂದ ಗೆಲುವು ಇಳಿದುಹೋಯಿತು. ಅವಳು ನನ್ನ ಕಡೆ ನೋಡಿದಳು.

ಆ ನೋಟ ಏನು ಕೇಳಿತು ಎಂದು ನನಗೆ ಗೊತ್ತಾಗಲಿಲ್ಲ ಎನ್ನಲಾರೆ. ಮೈಕು ನನ್ನಿಂದ ಮೂರು ಹೆಜ್ಜೆ. ಸಾಹೇಬರೆ, ಕಲ್ಲು ಈ ಭುಜವನ್ನು ತಿಂದುಹಾಕಿತ್ತು, ಕಲ್ಲು ಬಿಟ್ಟು ಎರಡು ವರ್ಷ ಕೂತದ್ದಕ್ಕೆ, ನಕ್ಕದ್ದಕ್ಕೆ, ನಡೆದದ್ದಕ್ಕೆ ಇದು ಬದುಕಿತು ಎಂದು ಹೇಳಬೇಕಿತ್ತು. ಹೇಳಿದರೆ ಅವಳ ನಟನೆ ಬಯಲಾಗುತ್ತದೆ, ಅದಕ್ಕೇ ಸುಮ್ಮನಿದ್ದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಹಸಿ ಸುಳ್ಳು. ಎಷ್ಟೇ ಆದರೂ ಅದು ಆಗಲೇ ಬಯಲಾಗಿತ್ತು. ಬೀಸಿ ಗೆದ್ದ ಢಾಲು ನನ್ನ ಕೈಯಲ್ಲಿತ್ತು, ಮುಂದಿನ ಸಾಲಿನಲ್ಲಿ ಮಗ್ಗಿ ಬಾರದ ನನ್ನ ಹಳೆಯ ವಿದ್ಯಾರ್ಥಿನಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು, ಕ್ಯಾಮರಾದವನು ಇತ್ತ ನೋಡಿ ಎಂದ. ನಾನು ಇತ್ತ ನೋಡಿದೆ.

ಚಪ್ಪಾಳೆ ನಿಂತಾಗ ಜನರ ನಡುವಿನಿಂದ ದುಂಡಪ್ಪ ನುಗ್ಗಿಕೊಂಡು ಬಂದ. ಹಲಗೆಯ ಮೇಲಿನ ಹೆಸರು ಅವನಿಗೆ ಯಾರೋ ಓದಿ ಹೇಳಿದ್ದರು. ಕಣ್ಣು ತುಂಬಿ ಬಂದಿದ್ದವು. "ಅವ್ವಾ, ನಿನ್ನ ಕೈ ಬಂತಲ್ಲವಾ!" ಎಂದು ಎಲ್ಲರೆದುರು ತಾಯಿಯ ಕಾಲು ಹಿಡಿದ. ಮೋಸ ಮಾಡಿದೆ ಎಂಬ ಒಂದು ಮಾತಿಲ್ಲ, ಸಿಟ್ಟಿಲ್ಲ. ಸಿಟ್ಟು ಮಾಡಿದ್ದರೆ ಅವಳು ಪಾರಾಗುತ್ತಿದ್ದಳು.

ಮರುದಿನವೇ ಕೊಟ್ಟಿಗೆಯ ಹಿಂದಿನ ಕಲ್ಲು ಪಡಸಾಲೆಗೆ ಬಂತು. ದುಂಡಪ್ಪ ಟಾಕಿ ಹೊಡೆಯುವವನನ್ನು ಕರೆಸಿ ಅದರ ಮೈಯನ್ನು ಹೊಸದಾಗಿ ಒರಟು ಮಾಡಿಸಿದ, ಹೊಸ ಗೂಟ ಹಾಕಿಸಿದ. ಎರಡು ಗಂಟೆಗೆ ಮಂದಿರದಲ್ಲಿ ಭರಮವ್ವ ಇರಲಿಲ್ಲ. ಹದಿನೈದು ದಿನ ಕಾದು ಅವರ ಮನೆಗೆ ಹೋದೆ. ಅವಳು ಬೀಸುತ್ತಿದ್ದಳು. ಹಾಡುತ್ತಿರಲಿಲ್ಲ. ತಲೆಯಲ್ಲಿ ತಾನೇ ಕಟ್ಟಿಕೊಂಡ ತುರುಬು. ಇನ್ನು ಬಿಚ್ಚುವ ಕಾರಣವಿರಲಿಲ್ಲ.

"ದುಂಡಪ್ಪ, ಅವಳನ್ನ ಬಿಡು," ಎಂದೆ. "ಕೈ ನೆಟ್ಟಗಾಗಿದ್ದು ಬೀಸೋದು ಬಿಟ್ಟಿದ್ದಕ್ಕ. ಮತ್ತ ಬೀಸಿದರ ಮತ್ತ ಹೋಗತೈತಿ."

ಅವನು ನಕ್ಕ. ತಮಾಷೆ ಮಾಡುತ್ತಿದ್ದೇನೆ ಎಂದೇ ತಿಳಿದ. "ಅಕ್ಕೋರ, ಢಾಲು ತಂದು ನಿಮ್ಮ ಮಂದಿರದಾಗ ತೂಗ ಹಾಕೀರಿ. ಈಗ ಬೀಸಬಾರದು ಅಂತೀರಿ? ಅಷ್ಟ ದೊಡ್ಡ ಡಾಕ್ಟರ ಹೇಳ್ಯಾರು, ರೂಢಿ ಬಿಡಿಸಬ್ಯಾಡ್ರಿ ಅಂತ. ನೀವೂ ಅಲ್ಲೇ ನಿಂತಿದ್ರಿ. ಒಂದು ಮಾತು ಅನಲಿಲ್ಲ."

ದೇವರ ಜಗುಲಿಯ ಮೇಲೆ ಬ್ಲಾಕಿನವರು ಕಳಿಸಿದ ಫೋಟೋ ಕಟ್ಟು ಹಾಕಿಸಿ ಇಟ್ಟಿದ್ದರು. ಹಾರ ಹಾಕಿಕೊಂಡ ಭರಮವ್ವ, ಢಾಲು ಹಿಡಿದ ನಾನು. ನಾನು ನಗುತ್ತಿದ್ದೆ. ಯಲ್ಲವ್ವ ಅದಕ್ಕೆ ಕುಂಕುಮ ಹಚ್ಚಿದ್ದಳು.

ಹೊರಡುವಾಗ ಭರಮವ್ವ ಕಲ್ಲು ನಿಲ್ಲಿಸದೆ ಹೇಳಿದಳು: "ಕೂಡ್ರಿ ಅಕ್ಕೋರ, ಎರಡು ಸುತ್ತು ಹಿಡೀರಿ." ಅವಳ ಎದುರು ಕೂತು ಗೂಟ ಹಿಡಿದೆ. ಹನ್ನೆರಡು ಸುತ್ತಿಗೆ ನನ್ನ ಹೆಗಲು ಉರಿಯತೊಡಗಿತು, ಬಿಟ್ಟೆ. ಅವಳು ನನ್ನ ಮುಖ ನೋಡಿದಳು. "ನಿಮಗಿನ್ನೂ ಆರೋಗ್ಯ ಬಂದಿಲ್ಲರಿ," ಎಂದಳು. ನಾನು ಎದ್ದು ಬಂದೆ.

ಡಾಕ್ಟರ ಮಾತು ಊರ ತುಂಬ ಹರಡಿತು. ಇನ್ನೂ ನಾಲ್ಕು ಮನೆಗಳಲ್ಲಿ ಬೋರಲು ಬಿದ್ದಿದ್ದ ಕಲ್ಲುಗಳು ಎದ್ದವು. ಮಕ್ಕಳು ತಾಯಂದಿರ ಮೇಲಿನ ಪ್ರೀತಿಯಿಂದಲೇ ಎತ್ತಿದರು. ಹನ್ನೊಂದು ಜನರಲ್ಲಿ ಆರು ಜನ ಉಳಿದರು. ವರದಿಯಲ್ಲಿ ನಾನು ಇದನ್ನು ಬರೆದೆ. ಬ್ಲಾಕಿನಿಂದ ಉತ್ತರ ಬಂತು: ವೃದ್ಧೆಯರು ಮನೆಗೆಲಸಕ್ಕೆ ಮರಳಿರುವುದು ಕೇಂದ್ರದ ಯಶಸ್ಸನ್ನು ತೋರಿಸುತ್ತದೆ, ಅಭಿನಂದನೆಗಳು. ಆ ಕಾಗದವನ್ನು ನಾನು ಒಲೆಗೆ ಹಾಕಿದೆ. ಢಾಲನ್ನು ಇಳಿಸಿ ರೇಡಿಯೋ ಪೆಟ್ಟಿಗೆಯ ಹಿಂದೆ ಇಟ್ಟೆ.

ಭರಮವ್ವ ಮತ್ತೆ ಮಂದಿರದ ಹೊಸ್ತಿಲು ದಾಟಿದ್ದು ಆ ವರ್ಷದ ದೀಪಾವಳಿ ಮುಗಿದ ಮೇಲೆ. ಬಲಗೈಯನ್ನು ಎಡಗೈಯಲ್ಲಿ ಎತ್ತಿಕೊಂಡಿದ್ದಳು. ಹಳೆಯ ಆಟ ಎಂದು ಒಂದು ಗಳಿಗೆ ನನಗೆ ಖುಷಿಯಾಯಿತು. ಒಳಗೆ ಬಂದ ಮೇಲೂ ಅವಳು ಕೈ ಬಿಡಲಿಲ್ಲ. ತುರುಬು ಕಟ್ಟಿಕೊಳ್ಳಲಿಲ್ಲ. ಕೂತ ಮೇಲೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಬೆರಳುಗಳು ಮಡಚಿದಂತೆಯೇ ಇದ್ದವು.

"ಹೋತ್ರಿ," ಎಂದಳು. "ಕಲ್ಲು ಮತ್ತ ಕೊಟ್ಟಿಗಿ ಹಿಂದ ಇಟ್ಟಾರು. ದುಂಡಪ್ಪ ಎರಡು ದಿನ ಉಣ್ಣಲಿಲ್ಲ, ಅತ್ತ. ಈಗ ಗಿರಣಿಗೆ ಹಾಕತಾರ. ನನ್ನ ಹೆಸರು ಮತ್ತ ಬರಕೋರಿ."

ಅವಳನ್ನು ಎಬ್ಬಿಸಿ ಗೋಡೆಯ ಬಳಿ ಕರೆದುಕೊಂಡು ಹೋದೆ. ಅವಳ ಹೆಸರಿನ ನಾಲ್ಕು ಅಕ್ಷರ ಅಲ್ಲೇ ಇದ್ದವು. ಆ ಗೋಡೆಗೆ ಸುಣ್ಣ ಹೊಡೆಯಲು ನಾನು ಬಿಟ್ಟಿರಲಿಲ್ಲ. ಕೆಳಗಿನ ಗೆರೆಯಿಂದ ಮತ್ತೆ ಶುರು ಮಾಡೋಣ, ಒಮ್ಮೆ ಬಂದ ಕೈ ಇನ್ನೊಮ್ಮೆ ಬರುತ್ತದೆ ಎಂದೆ. ಅವಳ ಬೆರಳುಗಳನ್ನು ಗೋಡೆಗೆ ಹಚ್ಚಲು ಹೋದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ್ರಿ ಅಕ್ಕೋರ. ಇದು ಹಿಂಗಽ ಇರಲಿ."

"ನೋವು?"

"ನೋವು ಇರಲೇಳ್ರಿ. ಇದು ಎದ್ದರ ನಾ ಮತ್ತ ಕಲ್ಲಿಗಿ ಹೋಗಬೇಕು. ಇದು ಕೆಳಗ ಇದ್ರ ಈ ಎರಡು ತಾಸು ನನ್ನವು." ಅವಳು ಯಮನವ್ವನ ಬಾಜೂ ಕೂತು ಪಾಟಿ ಎಳೆದುಕೊಂಡಳು. ಎಡಗೈಯಲ್ಲಿ ಬಳಪ ಹಿಡಿದು ಭ ಬರೆಯತೊಡಗಿದಳು.

ಮರುವರ್ಷ ಅದೇ ದೊಡ್ಡ ಡಾಕ್ಟರು ಹಿಡಕಲ್ ಕಡೆಗೆ ಹೋಗುವಾಗ ನಮ್ಮ ಕೇಂದ್ರ ನೋಡಲು ಬಂದರು. ಢಾಲು ಗೆದ್ದ ಅಜ್ಜಿ ಎಲ್ಲಿ ಎಂದು ಕೇಳಿದರು. ತೋರಿಸಿದೆ. ಭುಜ ಒತ್ತಿ ನೋಡಿದರು, ಮುಖ ಸಪ್ಪಗಾಯಿತು. "ಅಯ್ಯೋ, ಏನಾಯ್ತು ಇದು? ಪರವಾಗಿಲ್ಲ, ಬೆಳಗಾವಿಗೆ ಕರ್ಕೊಂಡು ಬನ್ನಿ. ಶಾಖ ಕೊಟ್ಟು ವ್ಯಾಯಾಮ ಮಾಡಿಸಿದ್ರೆ ಮೂರು ತಿಂಗಳಲ್ಲಿ ಕೈ ಎತ್ತಿಸ್ತೀನಿ. ನಾನೇ ಮಗನಿಗೆ ಹೇಳ್ತೀನಿ, ಕರೀರಿ ಅವನನ್ನ," ಎಂದರು. ಒಳ್ಳೆಯ ಮನುಷ್ಯ. ಎತ್ತಿಸುತ್ತಿದ್ದರು ಕೂಡ.

ಭರಮವ್ವ ನನ್ನ ಕಡೆ ನೋಡಿದಳು. ಗೋಕಾಕದಲ್ಲಿ ನೋಡಿದ ಅದೇ ನೋಟ.

ಈ ಸಲ ನಾನು ಬಾಯಿ ಬಿಟ್ಟೆ. "ಅದು ಏಳೂದಿಲ್ಲರಿ ಸಾಹೇಬರ," ಎಂದೆ. "ನಾ ಎಲ್ಲಾ ಮಾಡಿ ನೋಡೀನಿ. ವಯಸ್ಸಾತು. ಮಗನ್ನ ಕರೀಬ್ಯಾಡ್ರಿ."

ಡಾಕ್ಟರು ನಿಟ್ಟುಸಿರು ಬಿಟ್ಟು ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಭರಮವ್ವ ತಲೆ ತಗ್ಗಿಸಿ, ಎಡಗೈಯಲ್ಲಿ, ತನ್ನ ಹೆಸರಿನ ಕೊನೆಯ ಅಕ್ಷರ ತಿದ್ದುತ್ತಿದ್ದಳು.